ಚೆನ್ನೆಮಣೆ: ಹದಿನಾಲ್ಕು ಗುಳಿ, ಐವತ್ತಾರು ಕಾಯಿ

ಮಂಗಳೂರು ಮತ್ತು ಸುತ್ತಲಿನ ತುಳುನಾಡಿನಲ್ಲಿ ಅಜ್ಜಿಯೂ ಮೊಮ್ಮಗುವೂ ಎದುರುಬದುರು ಕೂತು ಸಮಸಮವಾಗಿ ಆಡಬಲ್ಲ ಆಟವೆಂದರೆ ಚೆನ್ನೆಮಣೆ. ಉದ್ದನೆಯ ಮರದ ಹಲಗೆಯಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿಗಳು. ಗುಳಿಗೆ ನಾಲ್ಕರಂತೆ 56 ಕಾಯಿಗಳು. ಆಟಕ್ಕೆ ಬೇಕಾದ್ದು ಇಷ್ಟೇ. ದಾಳವಿಲ್ಲ, ಕವಡೆ ಎಸೆಯುವುದಿಲ್ಲ, ಅದೃಷ್ಟಕ್ಕೆ ಜಾಗವಿಲ್ಲ. ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಗೆಲ್ಲುವುದು ಸೋಲುವುದು ಲೆಕ್ಕದ ಮೇಲೆ ನಿಂತಿದೆ.

ಘಟ್ಟದ ಮೇಲೆ ಇದೇ ಬಗೆಯ ಆಟಕ್ಕೆ ಅಳಗುಳಿಮಣೆ, ಹಳ್ಳಗುಳಿಮಣೆ ಎಂಬ ಹೆಸರುಗಳಿವೆ. ತಮಿಳರು ಪಲ್ಲಾಂಗುಳಿ ಎನ್ನುತ್ತಾರೆ, ತೆಲುಗರು ವಾಮನಗುಂಟಲು ಎನ್ನುತ್ತಾರೆ. ಸಮುದ್ರ ದಾಟಿದರೆ ಶ್ರೀಲಂಕಾದಲ್ಲಿ ಒಲಿಂದ ಕೆಲಿಯ, ಫಿಲಿಪೀನ್ಸ್‌ನಲ್ಲಿ ಸುಂಗ್ಕಾ, ಪೂರ್ವ ಆಫ್ರಿಕಾದಲ್ಲಿ ಬಾವೊ, ಪಶ್ಚಿಮ ಆಫ್ರಿಕಾದಲ್ಲಿ ಒವಾರೆ. ಗುಳಿಯಿಂದ ಕಾಯಿ ಎತ್ತಿ ಒಂದೊಂದಾಗಿ ಹಂಚುತ್ತಾ ಹೋಗುವ ಈ ಆಟಗಳನ್ನೆಲ್ಲ ವಿದ್ವಾಂಸರು ಮಂಕಾಲ ಎಂಬ ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ. ಆದರೆ ಚೆನ್ನೆಮಣೆಯ ಹಾಗೆ ಒಂದು ತಿಂಗಳಿಗೆ, ಒಂದು ಕತೆಗೆ, ಒಂದು ನಿಷೇಧಕ್ಕೆ ಕಟ್ಟುಬಿದ್ದಿರುವ ಆಟ ಈ ಕುಟುಂಬದಲ್ಲಿ ಅಪರೂಪ. ಮಣೆಯ ಮೇಲೆ ಹೇಗೆ ಆಡಬೇಕು ಎಂಬುದರಷ್ಟೇ, ಯಾವಾಗ ಆಡಬೇಕು, ಯಾರ ಜೊತೆ ಆಡಬಾರದು ಎಂಬುದೂ ಇಲ್ಲಿ ಮುಖ್ಯ.

ಹಳೆಯ ಮಣೆಗಳು ಸಾಮಾನ್ಯವಾಗಿ ಒಂದೇ ಮರದ ತುಂಡಿನಿಂದ ಕೊರೆದವು. ಹಿತ್ತಲಲ್ಲೇ ಸಿಗುವ ಹಲಸು ಇದಕ್ಕೆ ಒಗ್ಗುವ ಮರ. ಅನುಕೂಲಸ್ಥರ ಮನೆಗಳಲ್ಲಿ ತೇಗದ ಮಣೆಗಳೂ ಇದ್ದವು. ಕೆಲವು ಮಣೆಗಳ ಎರಡೂ ತುದಿಗಳಲ್ಲಿ ಗೆದ್ದ ಕಾಯಿ ಹಾಕಿಕೊಳ್ಳಲು ಒಂದೊಂದು ದೊಡ್ಡ ಗುಳಿ ಇರುತ್ತದೆ. ಅದು ಇಲ್ಲದಿದ್ದರೆ ಮಡಿಲೇ ಭಂಡಾರ. ಮಣೆ ಇಲ್ಲದವರು ಅಂಗಳದ ಮಣ್ಣಿನಲ್ಲಿ ಗುಳಿ ತೋಡಿಯೋ, ಜಗಲಿಯ ನೆಲದ ಮೇಲೆ ಗೆರಟೆಗಳನ್ನು ಸಾಲಾಗಿ ಇಟ್ಟೋ ಆಡುತ್ತಿದ್ದರು.

ಕಾಯಿಗಳಲ್ಲಿ ಮಂಜೊಟ್ಟಿ ಬೀಜಕ್ಕೆ ಮೊದಲ ಸ್ಥಾನ. ಕಡುಕೆಂಪು ಬಣ್ಣ, ನುಣುಪು ಮೈ, ಎರಡೂ ಬದಿಗೆ ಸ್ವಲ್ಪ ಉಬ್ಬಿದ ಚಪ್ಪಟೆ ಆಕಾರ. ವರ್ಷಗಟ್ಟಲೆ ಇಟ್ಟರೂ ಬಣ್ಣ ಮಾಸುವುದಿಲ್ಲ, ಹುಳ ಹಿಡಿಯುವುದಿಲ್ಲ. ನಾಲ್ಕು ಬೀಜ ಸೇರಿದರೆ ಹೆಚ್ಚುಕಮ್ಮಿ ಒಂದು ಗ್ರಾಂ ತೂಗುತ್ತದೆ. ತೂಕ ಇಷ್ಟು ಏಕರೂಪವಾಗಿರುವುದರಿಂದಲೇ ಅಕ್ಕಸಾಲಿಗರು ಚಿನ್ನ ತೂಗಲು ಇದನ್ನು ಬಳಸುತ್ತಿದ್ದರು. ಮಂಜೊಟ್ಟಿ ಸಿಗದಿದ್ದರೆ ಗಜ್ಜುಗ, ಹುಣಸೆಬೀಜ ಆಗುತ್ತವೆ. ಗುಲಗಂಜಿ ನೋಡಲು ಚೆಂದವಾದರೂ ಒಡೆದು ಹೊಟ್ಟೆಗೆ ಹೋದರೆ ಕಡುವಿಷ, ಪುಟ್ಟ ಮಕ್ಕಳಿರುವ ಮನೆಗೆ ಅದು ಬೇಡ.

ಆಟದ ಕ್ರಮ ಊರಿಂದ ಊರಿಗೆ, ಕೆಲವೊಮ್ಮೆ ಮನೆಯಿಂದ ಮನೆಗೆ ಬದಲಾಗುತ್ತದೆ. ಹೆಚ್ಚು ಕಡೆ ಕಾಣುವ ಸರಳ ರೂಪ ಹೀಗಿದೆ. ತನ್ನ ಸಾಲಿನ ಯಾವುದಾದರೂ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಬಲಗಡೆಗೆ ಸಾಗುತ್ತಾ, ಗುಳಿಗೆ ಒಂದರಂತೆ ಹಾಕಬೇಕು. ತನ್ನ ಸಾಲು ಮುಗಿದರೆ ಎದುರಾಳಿಯ ಸಾಲಿಗೆ ತಿರುಗಬೇಕು. ಕೈಯಲ್ಲಿದ್ದ ಕಾಯಿ ಮುಗಿದ ಕೂಡಲೇ ಅದರ ಮುಂದಿನ ಗುಳಿಯಲ್ಲಿದ್ದುದನ್ನು ಎತ್ತಿ ಮುಂದುವರಿಸಬೇಕು. ಹಾಗೆ ಎತ್ತಲು ಹೋದಾಗ ಮುಂದಿನ ಗುಳಿ ಖಾಲಿ ಇದ್ದರೆ, ಆ ಖಾಲಿ ಗುಳಿಯ ಆಚೆಗಿನ ಗುಳಿಯಲ್ಲಿರುವುದೆಲ್ಲ ಆಡಿದವರಿಗೆ ಸೇರುತ್ತದೆ, ಸರದಿ ಎದುರಾಳಿಗೆ ಹೋಗುತ್ತದೆ. ಒತ್ತಿನಲ್ಲಿ ಎರಡು ಗುಳಿ ಖಾಲಿ ಇದ್ದರೆ ಬರಿಗೈ. ಗೆದ್ದ ಮೇಲೂ ಆಟ ಮುಂದುವರಿಸುವ ಪದ್ಧತಿ, ಗೆದ್ದ ಗುಳಿಯ ಎದುರಿನ ಗುಳಿಯನ್ನೂ ಬಾಚಿಕೊಳ್ಳುವ ಪದ್ಧತಿ, ಹಂಚುವಾಗ ತನ್ನ ಗುಳಿಯೊಂದರಲ್ಲಿ ನಾಲ್ಕು ಕೂಡಿದರೆ ಅದನ್ನು ಆಗಲೇ ಎತ್ತಿಕೊಳ್ಳುವ ಪದ್ಧತಿಯೂ ಕೆಲವೆಡೆ ಉಂಟು.

ಮೊದಲ ನಡೆಯನ್ನೇ ಬಿಡಿಸಿ ನೋಡಬಹುದು. ಆಡುವವಳ ಸಾಲಿನ ಗುಳಿಗಳಿಗೆ ಎಡದಿಂದ ಬಲಕ್ಕೆ 1ರಿಂದ 7, ಅಲ್ಲಿಂದ ತಿರುಗಿ ಎದುರಿನ ಸಾಲಿಗೆ 8ರಿಂದ 14 ಎಂದು ಅಂಕೆ ಕೊಡೋಣ. 1ರಲ್ಲಿದ್ದ ನಾಲ್ಕನ್ನು ಎತ್ತಿದರೆ 2, 3, 4, 5ಕ್ಕೆ ಒಂದೊಂದು ಬೀಳುತ್ತದೆ. 6ರ ನಾಲ್ಕು ಕಾಯಿ 7ರಿಂದ 10ಕ್ಕೆ, 11ರ ನಾಲ್ಕು 12, 13, 14ಕ್ಕೂ ಸುತ್ತಿ ಬಂದು 1ಕ್ಕೂ ಹೋಗುತ್ತವೆ. ಈಗ 2ರಲ್ಲಿ ಐದಿದೆ. ಅದು 3ರಿಂದ 7ರವರೆಗೆ. 8ರಲ್ಲಿರುವ ಐದು 9ರಿಂದ 13ರವರೆಗೆ. 14ರಲ್ಲಿರುವ ಐದು 1ರಿಂದ 5ರವರೆಗೆ. ಮುಂದಿನದು 6. ಅದರಲ್ಲಿ ಇರುವುದು ನಡುವೆ ಬಿದ್ದ ಒಂದೇ ಕಾಯಿ, ಅದು 7ಕ್ಕೆ. ಅದರ ಮುಂದಿನ 8 ಈಗಷ್ಟೇ ಬರಿದಾದ ಗುಳಿ. ಹಾಗಾಗಿ 9ರಲ್ಲಿರುವ ಆರು ಕಾಯಿ ಗೆಲುವಿನ ಪಾಲು. ಒಂದೇ ಸರದಿಯಲ್ಲಿ ಏಳು ಸಲ ಎತ್ತಿ, ಮಣೆಗೆ ಎರಡು ಸುತ್ತು ಬಂದು, ಮೂರನೆಯದರ ಅರ್ಧದಲ್ಲಿ ಕೈ ನಿಂತಿತು.

ಆರಂಭದಲ್ಲಿ ಎಲ್ಲ ಗುಳಿಗಳಲ್ಲೂ ಸಮನಾಗಿ ನಾಲ್ಕು ಇರುವುದರಿಂದ ಯಾವ ಗುಳಿಯಿಂದ ಶುರು ಮಾಡಿದರೂ ಸಿಗುವುದು ಈ ಆರೇ. ಹಾಗಾದರೆ ಆಯ್ಕೆಗೆ ಅರ್ಥವೇನು? ಉಳಿದ ಕಾಯಿಗಳು ಎಲ್ಲಿ ಉಳಿದವು ಎಂಬುದರಲ್ಲಿದೆ ಗುಟ್ಟು. 1ರಿಂದ ಹೊರಟವಳು ಗೆದ್ದದ್ದು ಎದುರಾಳಿಯ ಗುಳಿಯಿಂದ. ನಡೆ ಮುಗಿದಾಗ ಅವಳ ಸಾಲಿನಲ್ಲಿ 31, ಎದುರಿನಲ್ಲಿ 19 ಕಾಯಿ ಇರುತ್ತವೆ. ಅದೇ 7ರಿಂದ ಹೊರಟರೆ ಆ ಆರು ಕಾಯಿ ತನ್ನದೇ 1ನೇ ಗುಳಿಯಿಂದ ಬರುತ್ತವೆ, ತನ್ನ ಸಾಲಿನಲ್ಲಿ 21 ಉಳಿದು ಎದುರಿಗೆ 29 ಸೇರುತ್ತವೆ. ಕೈಗೆ ಬಂದದ್ದು ಒಂದೇ, ಬಿಟ್ಟುಕೊಟ್ಟದ್ದು ಬೇರೆ. ಹೊಸಬರು ಗೆದ್ದ ಕಾಯಿ ಎಣಿಸುತ್ತಾರೆ, ಪಳಗಿದವರು ಮಣೆಯಲ್ಲಿ ಉಳಿದದ್ದನ್ನು ಎಣಿಸುತ್ತಾರೆ.

ಒಂದು ಸುತ್ತು ಮುಗಿದರೆ ಆಟ ಮುಗಿಯುವುದಿಲ್ಲ. ಗೆದ್ದ ಕಾಯಿಗಳಿಂದಲೇ ಇಬ್ಬರೂ ತಮ್ಮ ತಮ್ಮ ಸಾಲನ್ನು ಮತ್ತೆ ತುಂಬಬೇಕು. ಒಬ್ಬಳಿಗೆ 34, ಇನ್ನೊಬ್ಬಳಿಗೆ 22 ಬಂದಿದ್ದರೆ, ಮೊದಲಿನವಳು 28 ಕಾಯಿಯಲ್ಲಿ ಏಳೂ ಗುಳಿ ತುಂಬಿ ಆರನ್ನು ಕೈಯಲ್ಲಿ ಉಳಿಸಿಕೊಳ್ಳುತ್ತಾಳೆ. ಎರಡನೆಯವಳ ಕಾಯಿ ಐದು ಗುಳಿಗೆ ಮಾತ್ರ ಸಾಕು, ಕೈಯಲ್ಲಿ ಉಳಿಯುವುದು ಎರಡೇ. ತುಂಬಲಾಗದ ಎರಡು ಗುಳಿಗಳಿಗೆ ಒಂದೊಂದು ಕಡ್ಡಿ ಇಟ್ಟು ಮುಚ್ಚಲಾಗುತ್ತದೆ; ಆ ಸುತ್ತಿನಲ್ಲಿ ಯಾರೂ ಅವುಗಳಿಗೆ ಕಾಯಿ ಹಾಕುವಂತಿಲ್ಲ. ಮುಂದಿನ ಸುತ್ತಿನಲ್ಲಿ 24 ಕೂಡಿಸಿಕೊಂಡರೆ ಒಂದು ಗುಳಿ ಮತ್ತೆ ತೆರೆಯುತ್ತದೆ. ಒಂದು ಗುಳಿ ತುಂಬಲೂ ಕಾಯಿ ಇಲ್ಲದ ಸ್ಥಿತಿ ಬಂದಾಗ ಮಾತ್ರ ಪೂರ್ತಿ ಸೋಲು. ಮೂರು ಗುಳಿಗೆ ಇಳಿದವರು ಚೇತರಿಸಿಕೊಂಡು ಏಳಕ್ಕೆ ಏರುವುದೂ ಉಂಟು. ಆದ್ದರಿಂದ ಆಟ ಗಂಟೆಗಟ್ಟಲೆ ಎಳೆಯುತ್ತದೆ. ಎಳೆಯಬೇಕು ಎಂಬುದೇ ಅದರ ಉದ್ದೇಶವೂ ಹೌದು.

ಇದೇ ಮಣೆಯ ಮೇಲೆ ಆಡುವ ಬೇರೆ ಬೇರೆ ಆಟಗಳಿಗೆ ತುಳುವಿನಲ್ಲಿ ಅರಸು ಆಟ, ಜೋಡು ಪೆರ್ಗ, ಬುಳೆ ಪೆರ್ಗ ಮುಂತಾದ ಹೆಸರುಗಳಿವೆ. ಜೊತೆಗಾರರಿಲ್ಲದಾಗ ಒಬ್ಬರೇ ಆಡಿಕೊಳ್ಳುವುದು ಸೀತೆ ಆಟ. ಅಶೋಕವನದಲ್ಲಿ ಒಂಟಿಯಾಗಿದ್ದ ಸೀತೆ ಕಾಲ ಕಳೆಯಲು ಆಡಿದ್ದೆಂಬುದು ನಂಬಿಕೆ. ದಕ್ಷಿಣ ಭಾರತದಲ್ಲಿ ಸೀತೆಯ ಹೆಸರಿನಲ್ಲಿ ನಡೆಯುವ ಒಂಟಿ ಆಟದ ಒಂದು ರೂಪದಲ್ಲಿ ಒಂದು ಸಾಲಿನ ಏಳು ಗುಳಿಗೆ ಕ್ರಮವಾಗಿ 7, 6, 5, 4, 3, 2, 1 ಕಾಯಿ ಹಾಕುತ್ತಾರೆ. ಏಳು ಕಾಯಿಯ ಗುಳಿಯನ್ನು ಎತ್ತಿ, ಮುಂದಿನ ಗುಳಿಯಿಂದ ಹಿಡಿದು, ಸುತ್ತಿ ಬಂದು ಖಾಲಿಯಾದ ಗುಳಿಯವರೆಗೆ ಒಂದೊಂದು ಹಾಕಿದರೆ 1, 7, 6, 5, 4, 3, 2 ಆಗುತ್ತದೆ. ಇಡೀ ಸಾಲೇ ಒಂದು ಗುಳಿ ಮುಂದಕ್ಕೆ ಸರಿದಂತೆ! ಏಳು ಸಲ ಹೀಗೆ ಮಾಡಿದರೆ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ನಿಲ್ಲುತ್ತದೆ. ಗೆಲುವಿಲ್ಲ, ಸೋಲಿಲ್ಲ, ಕೊನೆಯೂ ಇಲ್ಲ. ಸೆರೆಯಲ್ಲಿರುವವಳ ಆಟಕ್ಕೆ ಇದಕ್ಕಿಂತ ಒಪ್ಪುವ ಲೆಕ್ಕವನ್ನು ಯಾವ ಗಣಿತಜ್ಞನೂ ಕಟ್ಟಲಾರ.

ಚೆನ್ನೆಯ ಕಾಲ ಆಟಿ ತಿಂಗಳು. ಸೌರಮಾನದ ತುಳು ಪಂಚಾಂಗದಲ್ಲಿ ಪಗ್ಗು, ಬೇಶ, ಕಾರ್ತೆಲ್ ಕಳೆದ ಮೇಲೆ ಬರುವ ನಾಲ್ಕನೇ ತಿಂಗಳು ಇದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಂಗಳೂರಿನಲ್ಲಿ ಆಟಿಯ ಮಳೆಗೆ ಬಿಡುವೆಂಬುದಿಲ್ಲ. ಮಳೆಗಾಲದ ಏಣೆಲು ಬೆಳೆಯ ನಾಟಿ ಅಷ್ಟರಲ್ಲಿ ಮುಗಿದಿರುತ್ತದೆ, ಕಳೆದ ವರ್ಷದ ಅಕ್ಕಿ ತಳ ಕಂಡಿರುತ್ತದೆ. ಕಡಲಿಗೆ ಇಳಿಯುವಂತಿಲ್ಲ, ಶುಭಕಾರ್ಯಗಳಿಲ್ಲ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ತಜಂಕ್ ಸೊಪ್ಪು, ಕಣಿಲೆ, ಪತ್ರೊಡೆಯಲ್ಲಿ ಊಟ ಸಾಗಬೇಕು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯುವುದೂ, ಮಾರಿ ಓಡಿಸಲು ಆಟಿ ಕಳೆಂಜನ ವೇಷ ಮನೆಮನೆಗೆ ಬರುವುದೂ ಈ ತಿಂಗಳಲ್ಲೇ.

ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆಟಿ ಕುಳಿತುಕೊಳ್ಳಲು ತವರಿಗೆ ಬರುವುದು ಇನ್ನೊಂದು ವಾಡಿಕೆ. ಹೊಲದ ಕೆಲಸವಿಲ್ಲದ, ಹೊರಗೆ ಕಾಲಿಡಲಾಗದ, ಹೆಂಗಸರು ಮಕ್ಕಳೆಲ್ಲ ಒಂದೇ ಸೂರಿನಡಿ ಸೇರಿರುವ ದಿನಗಳಲ್ಲಿ ಅಟ್ಟದಿಂದ ಮಣೆ ಕೆಳಗಿಳಿಯುತ್ತಿತ್ತು. ಆಟಿ ಮುಗಿದು ಸೋಣ ಬಂತೆಂದರೆ ಮಣೆ ಮತ್ತೆ ಅಟ್ಟಕ್ಕೆ. ಉಳಿದ ತಿಂಗಳುಗಳಲ್ಲಿ ಚೆನ್ನೆ ಆಡಬಾರದೆಂಬುದು ಹಿರಿಯರ ಕಟ್ಟಪ್ಪಣೆ. ಗದ್ದೆಯಲ್ಲಿ ಕೆಲಸ ಬಿದ್ದಿರುವಾಗ ಯಾರೂ ಮಣೆಗೆ ಅಂಟಿಕೊಳ್ಳಬಾರದು ಎಂಬ ವ್ಯವಹಾರದ ಬುದ್ಧಿ ಇದರ ಹಿಂದೆ ಇದ್ದೀತು. ಶ್ರೀಲಂಕಾದ ಒಲಿಂದ ಕೆಲಿಯವೂ ಏಪ್ರಿಲ್‌ನ ಸಿಂಹಳ ಹೊಸ ವರ್ಷದ ಹೊತ್ತಿನ ಆಟ ಎಂಬುದನ್ನು ನೆನೆದರೆ, ಹೀಗೆ ಆಟಕ್ಕೆ ಋತು ಗೊತ್ತುಮಾಡಿದವರು ತುಳುವರು ಮಾತ್ರವಲ್ಲ ಎಂಬುದು ತಿಳಿಯುತ್ತದೆ.

ಎರಡನೆಯ ನಿಷೇಧಕ್ಕೆ ಇಂತಹ ಸುಲಭದ ವಿವರಣೆ ಸಾಲದು. ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬುದು ಆ ನಿಷೇಧ. ಅದರ ಬೇರು ತುಳುವಿನ ಕಥನಗೀತೆಯಾದ ಸಿರಿ ಪಾಡ್ದನದಲ್ಲಿದೆ. ಸತ್ಯನಾಪುರದ ಸಿರಿಯ ಮಗಳು ಸೊನ್ನೆ. ದೈವಕ್ಕೆ ಹೇಳಿಕೊಂಡ ಹರಕೆಯಿಂದ ಹುಟ್ಟಿದ ಅವಳ ಅವಳಿ ಹೆಣ್ಣುಮಕ್ಕಳು ಅಬ್ಬಗ ಮತ್ತು ದಾರಗ. ಹರಕೆ ತೀರಿಸುವುದು ಮರೆತುಹೋಗುತ್ತದೆ. ಹೆತ್ತವರು ಮನೆಯಲ್ಲಿಲ್ಲದ ಹೊತ್ತು ಅವಳಿಗಳು ಚೆನ್ನೆಗೆ ಕೂರುತ್ತಾರೆ. ಆಟ ಜಗಳಕ್ಕೆ ತಿರುಗುತ್ತದೆ, ಅಬ್ಬಗ ಮಣೆಯಿಂದಲೇ ದಾರಗಳಿಗೆ ಹೊಡೆಯುತ್ತಾಳೆ, ದಾರಗ ಸಾಯುತ್ತಾಳೆ. ಮಾಡಿದ್ದನ್ನು ಕಂಡು ಕಂಗೆಟ್ಟ ಅಬ್ಬಗ ಬಾವಿಗೆ ಹಾರುತ್ತಾಳೆ. ಸಿರಿ ಜಾತ್ರೆಗಳಲ್ಲಿ ಹೆಂಗಸರ ಮೈಮೇಲೆ ಬರುವ ‘ಸಿರಿ’ ದೈವಗಳಲ್ಲಿ ಈ ಅವಳಿಗಳೂ ಸೇರಿದ್ದಾರೆ. ಹೀಗಾಗಿ ತುಳುನಾಡಿನ ಭಕ್ತರಿಗೆ ಅಬ್ಬಗ ದಾರಗ ಬರೀ ಕತೆಯ ಪಾತ್ರಗಳಲ್ಲ.

ಪಾಡ್ದನದ ಅತಿ ವಿಸ್ತಾರವಾದ ದಾಖಲೆ ಸಿಕ್ಕಿರುವುದು ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರಿಂದ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ 1990ರಲ್ಲಿ ಅವರ ಹಾಡಿಕೆಯನ್ನು ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಮಹಾಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಅದಕ್ಕೂ ಮೊದಲೇ, 1986ರಲ್ಲಿ, ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಎ.ಕೆ. ರಾಮಾನುಜನ್ ಸಂಪಾದಿಸಿದ ‘ಅನದರ್ ಹಾರ್ಮನಿ’ ಸಂಕಲನದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಚೆನ್ನೆಯ ಅರ್ಥಗಳನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದಿದ್ದರು. ಹಳ್ಳಿ ಹೆಂಗಸರ ಹೊತ್ತುಗಳೆಯುವ ಆಟವೆಂದು ಊರವರೇ ಬದಿಗಿಟ್ಟದ್ದು ಆಚೆಯವರಿಗೆ ಒಂದು ಸಮಾಜವನ್ನು ಓದುವ ಕೀಲಿಯಾಗಿ ಕಂಡಿತು.

ಆ ಓದಿಗೆ ತುಳುನಾಡಿನ ಕುಟುಂಬ ವ್ಯವಸ್ಥೆಯಲ್ಲೇ ಆಧಾರವಿದೆ. ತುಳುನಾಡಿನ ಹಲವು ಸಮುದಾಯಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟು ನಡೆದುಬಂದಿತ್ತು. ಅಲ್ಲಿ ಕುಟುಂಬದ ಗಟ್ಟಿತನ ಅಕ್ಕತಂಗಿಯರ ಹೊಂದಾಣಿಕೆಯ ಮೇಲೆ ನಿಂತಿರುತ್ತಿತ್ತು. ಚೆನ್ನೆಯಲ್ಲೋ ಒಬ್ಬಳ ಸಾಲು ತುಂಬಬೇಕಾದರೆ ಇನ್ನೊಬ್ಬಳ ಗುಳಿ ಮುಚ್ಚಲೇಬೇಕು, 56 ಕಾಯಿಗೆ 57ನೆಯದು ಸೇರುವುದಿಲ್ಲ. ಪಾಲು ಕೇಳಬಾರದವರ ನಡುವೆ ಪಾಲಿನ ಆಟ ಬೇಡ ಎಂದು ಹಿರಿಯರು ಬಗೆದದ್ದರಲ್ಲಿ ಅರ್ಥವಿದೆ. ಅತ್ತಿಗೆ ನಾದಿನಿಯರಿಗೆ, ಅಜ್ಜಿ ಮೊಮ್ಮಕ್ಕಳಿಗೆ, ನೆರೆಮನೆಯವರಿಗೆ ಈ ಕಟ್ಟಿರಲಿಲ್ಲ. ಆಟ ತಲೆಮಾರುಗಳ ನಡುವೆ ದಾಟಿ ಬಂದದ್ದಕ್ಕೆ ಈ ನಿಷೇಧದ ಕೊಡುಗೆಯೂ ಇದ್ದಿರಬೇಕು: ತಂಗಿಯ ಜೊತೆ ಆಡುವಂತಿಲ್ಲದ ಹುಡುಗಿ ಅಜ್ಜಿಯ ಎದುರು ಹೋಗಿ ಕೂರಬೇಕಾಗುತ್ತಿತ್ತು.

ಅಜ್ಜಿಯ ಎದುರು ಕೂತವರು ಲೆಕ್ಕ ಕಲಿಯದೆ ಏಳುತ್ತಿರಲಿಲ್ಲ. ಗುಳಿಯಲ್ಲಿರುವ ಕಾಯಿಯನ್ನು ಬೆರಳಿಟ್ಟು ಎಣಿಸದೆ ಕಣ್ಣಂದಾಜಿನಲ್ಲೇ ಐದೋ ಏಳೋ ಎಂದು ತಿಳಿಯಬೇಕು. ಅದು ಎಲ್ಲಿ ಹೋಗಿ ಮುಗಿಯುತ್ತದೆ, ಅಲ್ಲಿಂದ ಎತ್ತಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮನಸ್ಸಿನಲ್ಲೇ ನಡೆಸಿ ನೋಡಬೇಕು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರು ಇದರಲ್ಲಿ ಪದವೀಧರ ಮೊಮ್ಮಕ್ಕಳನ್ನು ಸೋಲಿಸುತ್ತಿದ್ದುದು ತುಳುನಾಡಿನ ಮನೆಗಳಲ್ಲಿ ಹೊಸ ಸುದ್ದಿಯಲ್ಲ. ಆಟದ ಆಳ ಎಷ್ಟೆಂಬುದಕ್ಕೆ ಕಂಪ್ಯೂಟರಿನ ಸಾಕ್ಷಿಯೂ ಇದೆ. 12 ಗುಳಿ, 48 ಕಾಯಿಗಳ ಅವಾರಿ ಎಂಬ ಆಫ್ರಿಕಾ ಮೂಲದ ಸೋದರ ಆಟವನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೇನ್ ಮತ್ತು ಹೆನ್ರಿ ಬಾಲ್ ಪೂರ್ತಿಯಾಗಿ ಬಿಡಿಸಿದರು. ಅದಕ್ಕಾಗಿ ಪರಿಶೀಲಿಸಬೇಕಾಗಿ ಬಂದ ಸ್ಥಿತಿಗಳು 88 ಸಾವಿರ ಕೋಟಿಗೂ ಹೆಚ್ಚು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ ಎಂಬುದು ಅವರು ಕಂಡುಕೊಂಡ ಉತ್ತರ. ಚೆನ್ನೆಯಲ್ಲಿ ಗುಳಿ ಎರಡು ಹೆಚ್ಚು, ಕಾಯಿ ಎಂಟು ಹೆಚ್ಚು.

ಇಂದಿನ ಮಂಗಳೂರಿನಲ್ಲಿ ಅಟ್ಟವೂ ಇಲ್ಲ, ಚಾವಡಿಯೂ ಇಲ್ಲ. ಭತ್ತದ ಗದ್ದೆಗಳ ಮೇಲೆ ಬಹುಮಹಡಿ ಕಟ್ಟಡಗಳು ಎದ್ದಿವೆ, ಆಟಿಯಲ್ಲೂ ಕಚೇರಿಗೆ ರಜೆಯಿಲ್ಲ. ಆದರೂ ಚೆನ್ನೆಮಣೆ ಕಣ್ಮರೆಯಾಗಿಲ್ಲ. ಆಟಿ ಬಂತೆಂದರೆ ನಗರದ ಶಾಲೆ ಕಾಲೇಜುಗಳು, ಮಹಿಳಾ ಮಂಡಲಗಳು, ಸಮುದಾಯ ಸಂಘಗಳು ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ನಡೆಸುತ್ತವೆ. ಮುಂಬಯಿ ಮತ್ತು ಕೊಲ್ಲಿ ದೇಶಗಳ ತುಳು ಸಂಘಗಳಲ್ಲೂ ಈ ಕಾರ್ಯಕ್ರಮ ಉಂಟು. ಪತ್ರೊಡೆ, ತಜಂಕ್ ವಡೆಗಳ ಸಾಲಿನ ಪಕ್ಕದಲ್ಲಿ ಚೆನ್ನೆಮಣೆ ಸ್ಪರ್ಧೆಗೊಂದು ಮೇಜು ಇದ್ದೇ ಇರುತ್ತದೆ. ಕರಕುಶಲ ಮಳಿಗೆಗಳಲ್ಲಿ ಹೊಳಪು ಕೊಟ್ಟ ಹೊಸ ಮಣೆಗಳು ಸಿಗುತ್ತವೆ, ಮೊಬೈಲಿನಲ್ಲೂ ಆಟ ಬಂದಿದೆ.

ಇದರಿಂದ ಮಣೆ ಉಳಿದಿದೆ, ಆಟ ಅರ್ಧ ಉಳಿದಿದೆ ಎನ್ನಬೇಕು. ಸ್ಪರ್ಧೆಗೆ ಒಂದೇ ನಿಯಮ ಬೇಕು, ಹತ್ತು ನಿಮಿಷದಲ್ಲಿ ಫಲಿತಾಂಶ ಬೇಕು. ಆದ್ದರಿಂದ ಒಂದೇ ಸುತ್ತು ಆಡಿಸಿ ಹೆಚ್ಚು ಕಾಯಿ ಇದ್ದವರಿಗೆ ಬಹುಮಾನ ಕೊಡುತ್ತಾರೆ. ಗುಳಿ ಮುಚ್ಚಿಸಿಕೊಂಡು, ಕಡ್ಡಿ ಇಡಿಸಿಕೊಂಡು, ಮತ್ತೆ ತಲೆ ಎತ್ತುವ ಭಾಗಕ್ಕೆ ಅಲ್ಲಿ ಸಮಯವಿಲ್ಲ. ಅರಸು ಆಟ, ಪೆರ್ಗಗಳ ನಿಯಮ ಬಲ್ಲವರು ಹೆಚ್ಚಾಗಿ ಹಿರಿಯರಲ್ಲೇ ಸಿಗುತ್ತಾರೆ. ಆಟಿಗೆ ಮಾತ್ರ ಎಂಬ ಕಟ್ಟು ಸಡಿಲವಾದದ್ದರಿಂದ ನಷ್ಟವೇನಿಲ್ಲ. ಅಕ್ಕತಂಗಿಯರು ಆಡುವುದರಿಂದಲೂ ಕೇಡಿಲ್ಲ. ಆದರೆ ಅದು ಯಾಕೆ ಬೇಡವೆನಿಸಿತ್ತು ಎಂಬ ಕತೆ ಮಕ್ಕಳಿಗೆ ಗೊತ್ತಿರಬೇಕು.

1994ರಲ್ಲಿ ಸ್ಥಾಪನೆಯಾದ ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿಯ ತುಳು ಭವನ ಮಂಗಳೂರಿನ ಉರ್ವಸ್ಟೋರಿನಲ್ಲಿದೆ. ಮನೆಮನೆಯ ನಿಯಮಗಳನ್ನು ಚಿತ್ರಸಹಿತ ದಾಖಲಿಸುವ ಕೆಲಸಕ್ಕೆ ಇದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಅದಕ್ಕೆ ಕಾಯದೆ ಶುರು ಮಾಡಲೂ ಅಡ್ಡಿಯಿಲ್ಲ. ಮಣೆ ಇಲ್ಲದಿದ್ದರೆ 14 ಗೆರಟೆ, 56 ಹುಣಸೆಬೀಜ ಸಾಕು. ಮನೆಯ ಹಿರಿಯರು ಯಾವ ಗುಳಿಯಿಂದ ಎತ್ತುತ್ತಾರೆ, ನಾಲ್ಕು ಕೂಡಿದರೆ ಏನು ಮಾಡುತ್ತಾರೆ, ಗುಳಿ ಮುಚ್ಚುವ ಕ್ರಮವೇನು ಎಂಬುದನ್ನು ಕೇಳಿ, ಅವರ ಎದುರೇ ಕೂತು ಆಡಿ, ಒಂದು ಪುಸ್ತಕದಲ್ಲಿ ಬರೆದಿಡಿ.